ದಡಕ್ಕೆ ಮರಳುವಷ್ಟು ಕರೆಂಟು

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಮಿಲ್ ಲ್ಯಾಕ್ಸ್ ಎಂಬ ಸರೋವರವಿದೆ. ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಮೈಲಿ. ವಿಸ್ತಾರ 530 ಚದರ ಕಿಲೋಮೀಟರಿಗೂ ಹೆಚ್ಚು. ಆದರೆ ತೀರಾ ಆಳದ ಜಾಗದಲ್ಲೂ ನೀರು 42 ಅಡಿ ಮಾತ್ರ. ಇಂಥ ನೀರಿನಲ್ಲಿ ಗಾಳಿ ಬಂದರೆ ತೆರೆ ಬಹಳ ಬೇಗ ಏಳುತ್ತದೆ. ಒಂದು ತೆರೆಗೂ ಮತ್ತೊಂದಕ್ಕೂ ನಡುವೆ ಅಂತರವೇ ಇರುವುದಿಲ್ಲ. ಕಡಲಿನಲ್ಲಾದರೆ ದೋಣಿ ತೆರೆಯ ಮೇಲೆ ಏರಿ ಇಳಿಯುತ್ತದೆ. ಇಲ್ಲಿ ಅದು ಇಳಿಯುವ ಮೊದಲೇ ಮುಂದಿನ ತೆರೆ ಬಂದು ಹೊಡೆಯುತ್ತದೆ.

ಈ ಸರೋವರದ ನಡುವೆ, ಅಕ್ಟೋಬರ್ ಕೊನೆಯ ಒಂದು ಸಂಜೆ, ನಾನೂ ನನ್ನ ಭಾವನೂ ಕೆಟ್ಟು ನಿಂತ ದೋಣಿಯಲ್ಲಿ ಸಿಕ್ಕಿಕೊಂಡೆವು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬ್ಯಾಟರಿಯ ಮಾತು ಇದರಲ್ಲಿ ಹೆಚ್ಚು ಬರುತ್ತದೆ. ಅಂದು ನಮ್ಮ ಜೀವ ನಿಂತಿದ್ದು ಅದರ ಮೇಲೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಮ್ಮಿಬ್ಬರದೂ ಹೊನ್ನಾವರ ಕಡೆಯ ಊರು. ಶರಾವತಿ ಕಡಲು ಸೇರುವ ಅಳಿವೆಯ ಪಕ್ಕದಲ್ಲಿ ಬೆಳೆದವರು. ಅವರು ಮಿನೆಸೋಟಕ್ಕೆ ಬಂದು ತುಂಬಾ ವರ್ಷಗಳಾಗಿವೆ. ನಾನು ಆಮೇಲೆ ಬಂದವನು. ಆ ವರ್ಷ ಬೇಸಿಗೆಯಲ್ಲಿ ಅವರು ಒಂದು ಹಳೆಯ ದೋಣಿ ಕೊಂಡರು. 16 ಅಡಿಯ ಅಲ್ಯೂಮಿನಿಯಂ ದೋಣಿ. ಹಿಂದೆ 40 ಎಚ್‌ಪಿಯ ಪೆಟ್ರೋಲ್ ಎಂಜಿನ್. ಮುಂದೆ ಒಂದು ಟ್ರೋಲಿಂಗ್ ಮೋಟಾರ್.

ಟ್ರೋಲಿಂಗ್ ಮೋಟಾರ್ ಎಂದರೆ ಬ್ಯಾಟರಿಯಿಂದ ಓಡುವ ಚಿಕ್ಕ ಮೋಟಾರ್. ಗಾಳವನ್ನು ನೀರಿನಲ್ಲಿ ನಿಧಾನ ಎಳೆದುಕೊಂಡು ಹೋಗುವಾಗ ಪೆಟ್ರೋಲ್ ಎಂಜಿನ್ ಗದ್ದಲ ಮಾಡುತ್ತದೆ, ವೇಗವೂ ಹೆಚ್ಚು. ಈ ಮೋಟಾರ್ ಸದ್ದಿಲ್ಲದೆ, ನಡಿಗೆಯ ವೇಗದಲ್ಲಿ ದೋಣಿಯನ್ನು ಒಯ್ಯುತ್ತದೆ. ಗಾಳಿಯಲ್ಲಿ ದೋಣಿಯ ಮೂತಿ ತಿರುಗದಂತೆ ಹಿಡಿದಿಡುತ್ತದೆ. ಇದು ಹುಟ್ಟಿದ್ದೂ ಆ ಪ್ರದೇಶದಲ್ಲೇ. 1934ರಲ್ಲಿ ಪಕ್ಕದ ನಾರ್ತ್ ಡಕೋಟ ರಾಜ್ಯದ ಫಾರ್ಗೊದಲ್ಲಿ ಒ. ಜಿ. ಶ್ಮಿಟ್ ಎಂಬವರು ಫೋರ್ಡ್ ಮಾಡೆಲ್ ಎ ಕಾರಿನ ಸ್ಟಾರ್ಟರ್ ಮೋಟಾರಿಗೆ ಪ್ರೊಪೆಲರ್ ಜೋಡಿಸಿ ಇದನ್ನು ಮಾಡಿದರು. ಮಿನ್ ಕೋಟ ಕಂಪನಿ ಬೆಳೆದದ್ದು ಅದರಿಂದ.

ಭಾವನ ದೋಣಿಯದು 12 ವೋಲ್ಟಿನ ಮೋಟಾರ್. ಅದರ ನೂಕುಬಲ 55 ಪೌಂಡ್. ದೋಣಿಯ ಜೊತೆ ಎರಡು ಬ್ಯಾಟರಿಗಳೂ ಬಂದಿದ್ದವು. ಹಿಂದಿನದು ಎಂಜಿನ್ ಸ್ಟಾರ್ಟ್ ಮಾಡಲು. ಮೀನು ಇಡುವ ತೊಟ್ಟಿಯ ಪಂಪು, ಒಳಗೆ ಬಂದ ನೀರನ್ನು ಹೊರಹಾಕುವ ಪಂಪು, ಮೀನು ತೋರಿಸುವ ಫಿಶ್ ಫೈಂಡರ್, ದೀಪಗಳು, ಇವೆಲ್ಲಕ್ಕೂ ಅದೇ. ಮುಂದಿನದು ಟ್ರೋಲಿಂಗ್ ಮೋಟಾರಿಗೆ ಮಾತ್ರ. ಎರಡರ ಮೇಲೂ ಮೆರೈನ್, ಡ್ಯುಯಲ್ ಪರ್ಪಸ್ ಎಂದು ಬರೆದಿತ್ತು. ಭಾವ ಅವನ್ನು ಒಂದು ಅಂಗಡಿಗೆ ಒಯ್ದು ಪರೀಕ್ಷೆ ಮಾಡಿಸಿದ್ದರು. ಅಂಗಡಿಯವರು ಮೀಟರ್ ಇಟ್ಟು ನೋಡಿದರು. ಎರಡೂ 12.6 ವೋಲ್ಟ್ ತೋರಿಸಿದವು. ಚೆನ್ನಾಗಿವೆ, ಹೊಸದು ಬೇಡ ಎಂದು ಹೇಳಿ ಕಳಿಸಿದರು.

ಅಂದು ಬೆಳಗ್ಗೆ ವಾಯವ್ಯ ದಡದ ಗ್ಯಾರಿಸನ್ ಊರಿನಿಂದ ನೀರಿಗೆ ಇಳಿದೆವು. ಮೋಡ ಇತ್ತು, ಗಾಳಿ ಇರಲಿಲ್ಲ. ರಾತ್ರಿ ವಾಯವ್ಯದಿಂದ ಜೋರು ಗಾಳಿ ಬರುತ್ತದೆ ಎಂದು ಹವಾಮಾನ ವರದಿ ಹೇಳಿತ್ತು. ಅಷ್ಟರೊಳಗೆ ಮನೆ ಸೇರುವ ಲೆಕ್ಕ ನಮ್ಮದು. ಫಿಶ್ ಫೈಂಡರ್ ಪರದೆಯಲ್ಲಿ ನೀರಿನ ಶಾಖ 46 ಫ್ಯಾರನ್‌ಹೀಟ್ ಇತ್ತು, ಎಂದರೆ ಸುಮಾರು 8 ಡಿಗ್ರಿ ಸೆಲ್ಸಿಯಸ್. ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು. ಭಾವ ಈ ವಿಷಯದಲ್ಲಿ ಮೊದಲಿನಿಂದಲೂ ಕಟ್ಟುನಿಟ್ಟು. ಅದು ನಮ್ಮ ಪುಣ್ಯ.

ವಾಲ್‌ಐ ಎಂಬ ಮೀನು ಅಲ್ಲಿಯವರಿಗೆ ಪ್ರಿಯ. ಮಿನೆಸೋಟದ ರಾಜ್ಯ ಮೀನು ಅದು. ಮಬ್ಬು ಬೆಳಕಿನಲ್ಲಿ ಅದಕ್ಕೆ ಕಣ್ಣು ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಸಂಜೆಯ ಹೊತ್ತಿಗೆ ಗಾಳಕ್ಕೆ ಬೀಳುತ್ತದೆ. ಹಗಲೆಲ್ಲ ಟ್ರೋಲಿಂಗ್ ಮೋಟಾರ್ ಹಾಕಿಕೊಂಡು ನಿಧಾನ ಓಡಾಡಿದೆವು. ಜಾಗ ಬದಲಿಸುವಾಗ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಹೋಗುವುದು, ಮತ್ತೆ ನಿಲ್ಲಿಸುವುದು. ಮೀನಿನ ತೊಟ್ಟಿಯ ಪಂಪು ಇಡೀ ದಿನ ಓಡುತ್ತಲೇ ಇತ್ತು. ನಾಲ್ಕೂವರೆಯ ಹೊತ್ತಿಗೆ ದಡದಿಂದ ನಾಲ್ಕೈದು ಮೈಲಿ ಒಳಗಿದ್ದೆವು.

ಆಗ ಗಾಳಿ ಎದ್ದಿತು. ಮುನ್ಸೂಚನೆಗಿಂತ ಎಷ್ಟೋ ಮೊದಲೇ ಬಂತು. ಮೊದಲು ನೀರಿನ ಬಣ್ಣ ಕಪ್ಪಾಯಿತು. ಹತ್ತು ಹದಿನೈದು ನಿಮಿಷದಲ್ಲಿ ತೆರೆಗಳ ತಲೆಯಲ್ಲಿ ಬಿಳಿ ನೊರೆ ಕಾಣಿಸಿತು. ಭಾವ "ಸಾಕು, ಗಾಳ ಎತ್ತು, ಹೋಗುವಾ" ಎಂದರು. ನಾನು ಗಾಳ ಎತ್ತಿದೆ. ಅವರು ಕೀಲಿ ತಿರುಗಿಸಿದರು.

ಎಂಜಿನ್ 'ಟಕ್' ಎಂದಿತು, ಅಷ್ಟೆ. ಮತ್ತೆ ತಿರುಗಿಸಿದರು. ಮತ್ತೆ 'ಟಕ್'. ಮೂರನೆಯ ಸಲ ಫಿಶ್ ಫೈಂಡರ್ ಪರದೆ ಆರಿತು. ಮೀನಿನ ತೊಟ್ಟಿಯ ಪಂಪಿನ ಸದ್ದು ನಿಂತಿತು. ಆ ಸದ್ದು ಅಷ್ಟು ಹೊತ್ತು ಇತ್ತು ಎಂಬುದು ನಿಂತ ಮೇಲೆ ತಿಳಿಯಿತು.

ದೋಣಿ ಅಡ್ಡ ತಿರುಗಿತು. ತೆರೆ ಪಕ್ಕಕ್ಕೆ ಹೊಡೆದು ನೀರು ಒಳಗೆ ಬಂತು. ಅಡ್ಡ ನಿಂತರೆ ದೋಣಿ ಮಗುಚುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಮುಂದೆ ಹೋಗಿ ಟ್ರೋಲಿಂಗ್ ಮೋಟಾರನ್ನು ನೀರಿಗೆ ಇಳಿಸಿ ಪೂರ್ತಿ ವೇಗಕ್ಕೆ ಇಟ್ಟೆ. ಮೂತಿ ನಿಧಾನವಾಗಿ ಗಾಳಿಗೆ ಎದುರಾಯಿತು. ದಡದ ಕಡೆ ಮುಂದೆ ಹೋಗಲು ಆಗಲಿಲ್ಲ. ಆ ಗಾಳಿಗೆ 55 ಪೌಂಡಿನ ಬಲ ಸಾಲದು. ಆದರೆ ಮೂತಿ ನೇರ ನಿಂತಿತು. ಅಷ್ಟು ಹೊತ್ತು ನೀರು ಒಳಗೆ ಬರುವುದು ಕಡಿಮೆಯಾಯಿತು.

ಮುಂದಿನ ಬ್ಯಾಟರಿಯನ್ನು ಬಿಚ್ಚಿ ಹಿಂದೆ ಎಂಜಿನಿಗೆ ಜೋಡಿಸಿದರೆ ಸ್ಟಾರ್ಟ್ ಆಗಬಹುದು ಎಂದು ಭಾವ ಕೂಗಿ ಹೇಳಿದರು. ಆದರೆ ಬಿಚ್ಚಿದ ಕೂಡಲೇ ಮೂತಿ ತಿರುಗುತ್ತದೆ. ಬಿಚ್ಚಿ, ಹೊತ್ತು, ಜೋಡಿಸುವಷ್ಟು ಹೊತ್ತು ದೋಣಿ ತೆರೆಗೆ ಅಡ್ಡ ಇರಬೇಕಾಗುತ್ತದೆ. ಲಂಗರು ಹಾಕಿದೆವು. ಕೆಳಗೆ ಕೆಸರು, ಹಗ್ಗವೂ ಗಿಡ್ಡ. ಲಂಗರು ಹಿಡಿಯಲಿಲ್ಲ, ಎಳೆದುಕೊಂಡೇ ಬಂತು. ಆದ್ದರಿಂದ ಬ್ಯಾಟರಿಯನ್ನು ಬಿಚ್ಚಲಿಲ್ಲ.

ನಾನು ದೋಣಿಯ ಮುಂದಿನ ತಳದಲ್ಲಿ ಕೂತು ಮೋಟಾರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಪ್ರತಿ ತೆರೆಗೂ ಮೂತಿ ಮೇಲೆದ್ದಾಗ ಪ್ರೊಪೆಲರ್ ನೀರಿನಿಂದ ಹೊರಗೆ ಬಂದು ಬರಿ ಗಾಳಿಯಲ್ಲಿ ತಿರುಗುತ್ತಿತ್ತು. ಕೆಳಗಿಳಿದಾಗ ನೀರು ಎದೆಗೆ ಬಂದು ಹೊಡೆಯುತ್ತಿತ್ತು. ಮೋಟಾರಿನ ತಲೆಯ ಮೇಲೆ ಬ್ಯಾಟರಿ ಎಷ್ಟಿದೆ ಎಂದು ತೋರಿಸುವ ಚಿಕ್ಕ ದೀಪಗಳಿದ್ದವು. ನಾನು ಬೇರೆ ಎಲ್ಲೂ ನೋಡಲಿಲ್ಲ, ಆ ದೀಪಗಳನ್ನೇ ನೋಡುತ್ತಿದ್ದೆ. ಅವು ಒಂದೊಂದಾಗಿ ಆರುತ್ತಿದ್ದವು.

ಹಿಂದೆ ಭಾವ ಎಂಜಿನ್ನಿನ ಮುಚ್ಚಳ ತೆಗೆದು ತುರ್ತಿಗೆಂದು ಇಟ್ಟಿರುವ ಹಗ್ಗವನ್ನು ಚಕ್ರಕ್ಕೆ ಸುತ್ತಿ ಎಳೆಯುತ್ತಿದ್ದರು. ಆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸಲೂ ಸ್ವಲ್ಪ ಕರೆಂಟ್ ಬೇಕು. ಹಿಂದಿನ ಬ್ಯಾಟರಿಯಲ್ಲಿ ಅಷ್ಟೂ ಉಳಿದಿರಲಿಲ್ಲ. ಎಳೆಯುವಾಗ ಒಂದು ತೆರೆಗೆ ಅವರು ಆಯ ತಪ್ಪಿ ಸೀಟಿನ ಅಂಚಿಗೆ ಬಿದ್ದರು. ಎದ್ದು ಕೂತರು. ಮತ್ತೆ ಹಗ್ಗ ಹಿಡಿಯಲಿಲ್ಲ. ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡರು. "ಪೆಟ್ಟಾಯಿತಾ ಭಾವ?" ಎಂದು ಕೇಳಿದೆ. "ಏನಿಲ್ಲ, ನೀನು ಮೂತಿ ಬಿಡಬೇಡ" ಎಂದರು.

ಅವರೇ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರು. ಸಿಗ್ನಲ್ ಇತ್ತು. ಆ ಕಡೆಯ ಹೆಂಗಸು ಶಾಂತವಾಗಿ ಕೇಳಿದರು. ಎಷ್ಟು ಜನ, ಲೈಫ್ ಜಾಕೆಟ್ ಇದೆಯೇ, ಯಾರಿಗಾದರೂ ಪೆಟ್ಟಾಗಿದೆಯೇ. ಫೋನಿನಿಂದ ನಾವಿರುವ ಜಾಗದ ಅಕ್ಷಾಂಶ ರೇಖಾಂಶ ಓದಿಸಿಕೊಂಡರು. ಶೆರಿಫ್ ಕಚೇರಿಯ ದೋಣಿ ಬರುತ್ತದೆ, ಆದರೆ ಈ ಗಾಳಿಯಲ್ಲಿ ಹೊತ್ತಾಗುತ್ತದೆ ಎಂದರು. ಏನೇ ಆದರೂ ದೋಣಿ ಬಿಟ್ಟು ಈಜಬೇಡಿ ಎಂದರು. ಫೋನನ್ನು ಅಂಗಿಯ ಒಳಗೆ, ಮೈಗೆ ತಾಗಿಸಿ ಇಟ್ಟುಕೊಳ್ಳಿ, ಚಳಿಗೆ ಅದರ ಬ್ಯಾಟರಿ ಸಾಯುತ್ತದೆ ಎಂದೂ ಹೇಳಿದರು.

ಸುಮಾರು ಅರ್ಧ ಗಂಟೆಗೆ ಮೋಟಾರ್ ನಿಂತಿತು. ಮೊದಲು ಸದ್ದು ಕುಗ್ಗಿತು, ಆಮೇಲೆ ಪ್ರೊಪೆಲರ್ ಸುಮ್ಮನಾಯಿತು. ದೋಣಿ ಮತ್ತೆ ಅಡ್ಡ ತಿರುಗಿತು. ಲಂಗರು ಎಳೆದುಕೊಂಡು ಬರುತ್ತಿದ್ದರೂ ಮೂತಿಯನ್ನು ಅಷ್ಟಿಷ್ಟು ಹಿಡಿಯುತ್ತಿತ್ತು. ಇಲ್ಲದಿದ್ದರೆ ಆಗಲೇ ಮಗುಚುತ್ತಿದ್ದೆವು.

ಇಲ್ಲಿಂದ ಮುಂದೆ ನನಗೆ ಹೆದರಿಕೆ ಆಯಿತು. ಅದಕ್ಕೂ ಮೊದಲು ಮಾಡಲು ಕೆಲಸ ಇತ್ತು. ತಣ್ಣೀರಿಗೆ ಬಿದ್ದರೆ ಏನಾಗುತ್ತದೆ ಎಂದು ದೋಣಿ ಸುರಕ್ಷತೆಯ ಪಾಠದಲ್ಲಿ ಕಲಿತಿದ್ದೆ. ಮೊದಲ ಒಂದು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ. ಸುಮಾರು ಹತ್ತು ನಿಮಿಷ ಕೈಕಾಲು ಮಾತು ಕೇಳುತ್ತವೆ. ಸುಮಾರು ಒಂದು ಗಂಟೆಯಲ್ಲಿ ಪ್ರಜ್ಞೆ ಹೋಗುತ್ತದೆ. ಇದು ಬಾಯಿಪಾಠವಾಗಿ ತಲೆಯಲ್ಲಿ ಓಡುತ್ತಿತ್ತು. ಕತ್ತಲಾಗುತ್ತಿತ್ತು. ದಡದ ದೀಪಗಳು ಒಂದು ಕಡೆ ಕಾಣುತ್ತಿದ್ದವು, ಚಿಕ್ಕದಾಗುತ್ತಾ ಹೋಗುತ್ತಿದ್ದವು.

ಮುಂದಿನ ಬ್ಯಾಟರಿಯನ್ನು ಹಿಂದೆ ಜೋಡಿಸಿ ನೋಡುವುದು ಎಂದು ತೀರ್ಮಾನಿಸಿದೆವು. ಸತ್ತ ಬ್ಯಾಟರಿಯಲ್ಲೂ ಏನಾದರೂ ಉಳಿದಿರಬಹುದು ಎಂಬ ಆಸೆ. ಭಾವನಿಗೆ ಬಗ್ಗಲು ಆಗುತ್ತಿರಲಿಲ್ಲ. ನಾನೇ ಮಾಡಬೇಕು. ತಲೆಗೆ ಕಟ್ಟುವ ಟಾರ್ಚ್ ಇತ್ತು. ಬ್ಯಾಟರಿಯ ತಂತಿಗಳನ್ನು ಚಿಟ್ಟೆ ನಟ್ಟಿನಿಂದ ಬಿಗಿದಿತ್ತು. ಅದನ್ನು ಬೆರಳಿನಿಂದಲೇ ಬಿಚ್ಚಬಹುದು. ಆದರೆ ನನ್ನ ಬೆರಳುಗಳಿಗೆ ನಟ್ಟು ತಾಗಿದ್ದು ತಿಳಿಯುತ್ತಿರಲಿಲ್ಲ. ಹಿಡಿದಿದ್ದೇನೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿಯಬೇಕಿತ್ತು. ಎರಡು ಅಂಗೈಗಳ ನಡುವೆ ನಟ್ಟನ್ನು ಒತ್ತಿ ತಿರುಗಿಸಿದೆ. ಚರ್ಮ ಕಿತ್ತು ಬಂತು, ನೋವಾಗಲಿಲ್ಲ. ನೋವಾಗದ್ದೇ ನನ್ನನ್ನು ಹೆದರಿಸಿತು.

ಬ್ಯಾಟರಿಯ ತೂಕ ಇಪ್ಪತ್ತು ಕಿಲೋಗಿಂತ ಹೆಚ್ಚು. ನಿಂತು ಹೊರಲು ಸಾಧ್ಯವಿರಲಿಲ್ಲ. ಮೊಣಕಾಲೂರಿ, ನೀರಿನಲ್ಲಿ ಅದನ್ನು ತಳ್ಳಿಕೊಂಡು ಹಿಂದಕ್ಕೆ ಹೋದೆ. ಪ್ರತಿ ತೆರೆಗೂ ಅದರ ಮೇಲೆ ಮೈಚಾಚಿ ಮಲಗಿ ಹಿಡಿದುಕೊಂಡೆ. ಭಾವ ಒಂದು ಕೈಯಲ್ಲಿ ತಂತಿ ಹಿಡಿದು ಕೊಟ್ಟರು. ಕೆಂಪು ತಂತಿ ಮೊದಲು, ಆಮೇಲೆ ಕಪ್ಪು. ಅವರು ಕೀಲಿ ತಿರುಗಿಸಿದರು. ಎಂಜಿನ್ ಒಮ್ಮೆ ನರಳಿತು. ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ತಿರುಗಿಸಿದಾಗ ಬರಿ 'ಟಕ್'.

ಇಬ್ಬರೂ ಏನೂ ಮಾತಾಡಲಿಲ್ಲ.

ನೀರು ಕಣಕಾಲಿನವರೆಗೆ ಬಂದಿತ್ತು. ನಾನು ಗಾಳದ ಮೀನು ಹಾಕುವ ಬಕೆಟ್ಟಿನಿಂದ ನೀರು ತೋಡಿ ಚೆಲ್ಲತೊಡಗಿದೆ. ಚೆಲ್ಲುವಾಗ ಮೈ ಸ್ವಲ್ಪ ಬಿಸಿಯಾಗುತ್ತಿತ್ತು. ಭಾವನಿಗೆ ಆ ಕೆಲಸ ಮಾಡಲು ಆಗುತ್ತಿರಲಿಲ್ಲ. ದೋಣಿಗೆ ಹೊದಿಸುವ ದಪ್ಪ ಬಟ್ಟೆಯನ್ನು ಅವರ ಮೇಲೆ ಹೊದಿಸಿ ಗಾಳಿ ತಾಗದಂತೆ ಕೂರಿಸಿದೆ. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿಸಿದೆ. ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಭಾವ ದೀಪದ ಸ್ವಿಚ್ ಹಾಕಿ ನೋಡು ಎಂದರು. ದೋಣಿಯ ಹಿಂದೆ ಒಂದು ಕೋಲಿನ ತುದಿಗೆ ಬಿಳಿ ದೀಪ ಇರುತ್ತದೆ, ರಾತ್ರಿ ಬೇರೆ ದೋಣಿಗಳಿಗೆ ಕಾಣಲಿ ಎಂದು. ಹಾಕಿದೆ. ಅದು ಹೊತ್ತಿತು. ಎಂಜಿನ್ ತಿರುಗಿಸಲಾಗದ ಬ್ಯಾಟರಿ ಸ್ವಲ್ಪ ಹೊತ್ತು ಸುಮ್ಮನಿದ್ದುದರಿಂದ ಚೂರು ಚೇತರಿಸಿಕೊಂಡಿತ್ತು. ಸೀಸದ ಬ್ಯಾಟರಿಯ ಗುಣ ಅದು. ದೊಡ್ಡ ಹೊರೆ ತೆಗೆದರೆ ಒಳಗಿನ ಆಮ್ಲ ಮತ್ತೆ ಫಲಕಗಳ ಹತ್ತಿರ ಹರಡುತ್ತದೆ. ಎಲ್‌ಇಡಿ ದೀಪಕ್ಕೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಆ ಒಂದು ದೀಪ ಉರಿಯುತ್ತಲೇ ಇತ್ತು. 911ಕ್ಕೆ ಮತ್ತೆ ಫೋನ್ ಮಾಡಿ ದೀಪ ಇದೆ ಎಂದು ಹೇಳಿದೆ.

ಆಮೇಲಿನ ಹೊತ್ತು ಎಷ್ಟು ಎಂದು ನನಗೆ ಸರಿಯಾಗಿ ನೆನಪಿಲ್ಲ. ನೀರು ಚೆಲ್ಲುವುದು, ಭಾವನ ಹೆಸರು ಹಿಡಿದು ಕೂಗುವುದು, ಇಷ್ಟೇ ಮಾಡಿದೆ. ಹೆಸರು ಹಿಡಿದು ನಾನು ಅವರನ್ನು ಯಾವತ್ತೂ ಕರೆದವನಲ್ಲ. ಭಾವ ಎಂದರೆ ಅವರು ತಿರುಗುತ್ತಿರಲಿಲ್ಲ. ಮೊದಲು ಅವರ ಮಾತು ತೊದಲಿತು. ಅಕ್ಕನಿಗೆ ಬಾಗಿಲು ಹಾಕಲು ಹೇಳು, ಚಳಿ ಒಳಗೆ ಬರುತ್ತದೆ ಎಂದರು. ಆಮೇಲೆ ನಡುಕ ನಿಂತಿತು. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಿತ್ತು. ಮೈ ತನ್ನನ್ನು ತಾನು ಬಿಸಿ ಮಾಡಿಕೊಳ್ಳುವುದನ್ನು ಕೈಬಿಟ್ಟಿದೆ ಎಂದು ಅರ್ಥ. ನಾನು ಬಟ್ಟೆಯೊಳಗೆ ಹೋಗಿ ಅವರನ್ನು ತಬ್ಬಿಕೊಂಡು ಕೂತೆ. ನೀರು ಏರಿದಾಗ ಎದ್ದು ಚೆಲ್ಲಿದೆ. ಮತ್ತೆ ಹೋಗಿ ತಬ್ಬಿಕೊಂಡೆ. ಅಕ್ಕನಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ ಇತ್ತು.

ಎಂಟು ಗಂಟೆ ದಾಟಿದ ಮೇಲೆ ಒಂದು ಬೆಳಕು ಕಂಡಿತು. ನಮ್ಮ ಕಡೆ ತಿರುಗಿತು. ಶೆರಿಫ್ ಕಚೇರಿಯ ದೋಣಿ ಗಾಳಿಯ ಮರೆಗೆ ಬಂದು ಹಗ್ಗ ಎಸೆಯಿತು. ಅವರು ಭಾವನನ್ನು ಮೊದಲು ಎತ್ತಿಕೊಂಡರು, ಆಮೇಲೆ ನನ್ನನ್ನು. ನಮ್ಮ ದೋಣಿಯನ್ನು ಅಲ್ಲೇ ಬಿಟ್ಟರು. ಒಬ್ಬರು ನಮ್ಮ ಒದ್ದೆ ಅಂಗಿಗಳನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಕಂಬಳಿ ಸುತ್ತಿದರು. ಕಂಕುಳಿಗೆ ಬಿಸಿ ಪೊಟ್ಟಣ ಇಟ್ಟರು. ನಾನು ಕೈಗಳನ್ನು ಉಜ್ಜಿಕೊಳ್ಳಲು ಹೋದಾಗ ಬೇಡ ಎಂದು ತಡೆದರು. ಜಾಗ ಗೊತ್ತಿದ್ದರೂ ನೀವು ಅಲ್ಲಿಂದ ಬಹಳ ದೂರ ತೇಲಿ ಹೋಗಿದ್ದಿರಿ, ದೀಪ ಕಂಡದ್ದರಿಂದ ಸಿಕ್ಕಿದಿರಿ ಎಂದು ಅವರು ಹೇಳಿದರು.

ಆಸ್ಪತ್ರೆಯಲ್ಲಿ ನೋಡಿದಾಗ ಭಾವನ ಮೈ ಶಾಖ 33 ಡಿಗ್ರಿಗಿಂತ ಕೆಳಗಿತ್ತು. ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ನನ್ನ ಬೆರಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರು. ರಕ್ತ ಮರಳಿ ಬರುವಾಗಿನ ನೋವು ಅಂದಿನ ಬೇರೆಲ್ಲ ನೋವಿಗಿಂತ ಹೆಚ್ಚಿತ್ತು. ನಾನು ಅತ್ತೆ. ಒಬ್ಬ ನರ್ಸ್ ಅಷ್ಟೂ ಹೊತ್ತು ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು. ಬಲಗೈಯ ಎರಡು ಬೆರಳ ತುದಿಗಳಲ್ಲಿ ಸ್ಪರ್ಶ ಪೂರ್ತಿ ಮರಳಲಿಲ್ಲ. ಬೆಳಗ್ಗೆ ಅಕ್ಕ ಬಂದಳು. ಭಾವ ಅವಳನ್ನು ಗುರುತಿಸಿದರು.

ದೋಣಿ ಮರುದಿನ ಆಗ್ನೇಯ ದಡದ ಕಲ್ಲುಗಳ ಮೇಲೆ ಸಿಕ್ಕಿತು. ಬ್ಯಾಟರಿಗಳು ಅದರಲ್ಲೇ ಇದ್ದವು. ಭಾವ ಗುಣವಾದ ಮೇಲೆ ನಾವು ಅವನ್ನು ಪೂರ್ತಿ ಚಾರ್ಜ್ ಮಾಡಿಸಿ, ಹೊರೆ ಹಾಕಿ ಪರೀಕ್ಷೆ ಮಾಡುವವರ ಬಳಿ ಒಯ್ದೆವು. ಚಾರ್ಜ್ ಆದ ಮೇಲೆ ಎರಡೂ ಮತ್ತೆ 12.6 ವೋಲ್ಟ್ ತೋರಿಸಿದವು. ಹೊರೆ ಹಾಕಿದಾಗ ಮುಂದಿನದು ಬರೆದಿದ್ದರ ಅರ್ಧದಷ್ಟೂ ಕೊಡಲಿಲ್ಲ. ಹಿಂದಿನದು ಅದಕ್ಕಿಂತ ಕಡೆ.

ಕಾರಣ ಅವರು ಬಿಡಿಸಿ ಹೇಳಿದರು. ಸೀಸದ ಬ್ಯಾಟರಿಯನ್ನು ಖಾಲಿಯಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಉಳಿದ ಭಾಗ ಚಾರ್ಜ್ ಆಗಿ ವೋಲ್ಟೇಜ್ ಸರಿಯಾಗಿಯೇ ತೋರಿಸುತ್ತದೆ. ವೋಲ್ಟೇಜ್ ಹೇಳುವುದು ಬ್ಯಾಟರಿ ತುಂಬಿದೆಯೇ ಎಂದು ಮಾತ್ರ. ಎಷ್ಟು ಹಿಡಿಯುತ್ತದೆ ಎಂದು ಹೇಳುವುದಿಲ್ಲ. ಅಂಗಡಿಯವರು ನೋಡಿದ್ದು ಮೊದಲನೆಯದನ್ನು. ನಮಗೆ ಬೇಕಿದ್ದದ್ದು ಎರಡನೆಯದು.

ಮುಂದಿನ ಬ್ಯಾಟರಿ ಅರ್ಧ ಗಂಟೆಗೆ ಏಕೆ ನಿಂತಿತು ಎಂಬ ಲೆಕ್ಕವೂ ತಿಳಿಯಿತು. ಅದರ ಮೇಲೆ 75 ಆಂಪಿಯರ್ ಅವರ್ ಎಂದು ಬರೆದಿತ್ತು. ಆ ಅಂಕಿಯನ್ನು 20 ಗಂಟೆಗಳ ನಿಧಾನ ಬಳಕೆಗೆ ಲೆಕ್ಕ ಹಾಕುತ್ತಾರೆ. 55 ಪೌಂಡಿನ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಹೀಗೆ ಜೋರಾಗಿ ಎಳೆದರೆ ಸೀಸದ ಬ್ಯಾಟರಿ ಬರೆದಷ್ಟನ್ನು ಕೊಡುವುದೇ ಇಲ್ಲ. ಜರ್ಮನಿಯ ವಿಲ್‌ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದರು. ಹೊಸ ಬ್ಯಾಟರಿಯಾದರೂ ಒಂದು ಗಂಟೆ ಸಿಗುವುದು ಕಷ್ಟ. ಮೇಲಾಗಿ ಚಳಿ. ನೀರು ಹೆಪ್ಪುಗಟ್ಟುವ ಶಾಖದಲ್ಲಿ ಅದರ ಶಕ್ತಿ ಐದರಲ್ಲಿ ಒಂದು ಪಾಲು ಕಡಿಮೆ. ಮೇಲಾಗಿ ಹಗಲೆಲ್ಲ ಬಳಸಿದ್ದೆವು. ಅರ್ಧ ಗಂಟೆ ಬಂದದ್ದೇ ಹೆಚ್ಚು.

ಭಾವ ಮತ್ತೆ ದೋಣಿ ಇಳಿಸುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರೇ ಆ ಮಾತು ಎತ್ತಿದರು. ಅಕ್ಕ ಒಂದು ಷರತ್ತು ಹಾಕಿದಳು. ಬ್ಯಾಟರಿ ಆಯ್ಕೆ ಮಾಡುವಾಗ ತಾನೂ ಕೂತಿರುತ್ತೇನೆ ಎಂದಳು. ಮೂವರೂ ಊಟದ ಮೇಜಿನ ಮುಂದೆ ಕಾಗದ ಪೆನ್ನು ಇಟ್ಟುಕೊಂಡು ಕೂತೆವು.

ಮೊದಲು ಕೆಲಸಗಳನ್ನು ಬೇರೆ ಮಾಡಿದೆವು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯ ಒಳಗೆ ತೆಳು ಫಲಕಗಳು ತುಂಬಾ ಇರುತ್ತವೆ. ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಡುವುದು ಅದರ ಕೆಲಸ. ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಹಾಳಾಗುತ್ತದೆ. ಗಂಟೆಗಟ್ಟಲೆ ಕರೆಂಟ್ ಕೊಡುವ ಡೀಪ್ ಸೈಕಲ್ ಬ್ಯಾಟರಿಯ ಫಲಕಗಳು ದಪ್ಪ. ಊರಿನಲ್ಲಿ ಕಾರಿನ ಬ್ಯಾಟರಿಯೇ ಬೇರೆ, ಮನೆಯ ಯುಪಿಎಸ್ ಬ್ಯಾಟರಿಯೇ ಬೇರೆ ಎಂದು ಎಲ್ಲರಿಗೂ ಗೊತ್ತು. ಇಲ್ಲೂ ಅದೇ ವ್ಯತ್ಯಾಸ. ಎರಡೂ ಕೆಲಸಕ್ಕೆ ಆಗುತ್ತದೆ ಎಂದು ಮಾರುವ ಡ್ಯುಯಲ್ ಪರ್ಪಸ್ ಬ್ಯಾಟರಿ ಎರಡರಲ್ಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿರುತ್ತದೆ.

ಎಂಜಿನ್ನಿಗೆ ಎಜಿಎಂ ಎಂಬ ಬಗೆಯ ಸೀಸದ ಒಂದು ಹೊಸ ಸ್ಟಾರ್ಟಿಂಗ್ ಬ್ಯಾಟರಿ ತಂದೆವು. ಕೊಳ್ಳುವಾಗ ಸಿಸಿಎ ಎಂಬ ಅಂಕಿ ನೋಡಿದೆವು. ಸೊನ್ನೆಗಿಂತ 18 ಡಿಗ್ರಿ ಕೆಳಗೆ, 30 ಸೆಕೆಂಡು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದರ ಅಳತೆ ಅದು. ದೋಣಿಯ ಬ್ಯಾಟರಿಗಳ ಮೇಲೆ ಹೆಚ್ಚಾಗಿ ಎಂಸಿಎ ಎಂದು ಬರೆದಿರುತ್ತಾರೆ. ಅದು ಸೊನ್ನೆ ಡಿಗ್ರಿಯ ಅಳತೆ, ಹಾಗಾಗಿ ಅಂಕಿ ದೊಡ್ಡದು ಕಾಣುತ್ತದೆ. ಎರಡು ಬ್ಯಾಟರಿ ಹೋಲಿಸುವಾಗ ಒಂದೇ ಅಳತೆಯಲ್ಲಿ ಹೋಲಿಸಬೇಕು. ಈ ಬ್ಯಾಟರಿಗೆ ಎಂಜಿನ್ ಬಿಟ್ಟು ಬೇರೇನನ್ನೂ ಜೋಡಿಸಲಿಲ್ಲ. ಪಂಪು, ದೀಪ, ಫಿಶ್ ಫೈಂಡರಿಗೆ ಬೇರೆಯೇ ಒಂದು ಚಿಕ್ಕ ಡೀಪ್ ಸೈಕಲ್ ಬ್ಯಾಟರಿ ಇಟ್ಟೆವು.

ಟ್ರೋಲಿಂಗ್ ಮೋಟಾರಿಗೆ 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆವು. ಬೆಲೆ ಹೆಚ್ಚು. ಆದರೆ ತೂಕ ಸುಮಾರು 12 ಕಿಲೋ. ಆ ರಾತ್ರಿ ನಾನು ತಳ್ಳಿದ್ದರ ಸುಮಾರು ಅರ್ಧ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಆಯುಷ್ಯ ಕಡಿಮೆಯಾಗುತ್ತದೆ. ಇದನ್ನು ಬಹುಪಾಲು ಬಳಸಬಹುದು. ಜೋರಾಗಿ ಎಳೆದರೂ ಬರೆದಷ್ಟನ್ನು ಹೆಚ್ಚು ಕಡಿಮೆ ಕೊಡುತ್ತದೆ. ಈ ವಸ್ತುವನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ ಪ್ರಬಂಧ ಟೆಕ್ಸಸ್ ವಿಶ್ವವಿದ್ಯಾಲಯದಿಂದ 1997ರಲ್ಲಿ ಬಂತು. ಮೂವರು ಲೇಖಕರಲ್ಲಿ ಒಬ್ಬರು ಜಾನ್ ಗುಡ್‌ಇನಫ್, 2019ರಲ್ಲಿ ನೊಬೆಲ್ ಪಡೆದವರು. ಉಳಿದಿಬ್ಬರು ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಅಕ್ಕ ಆ ಕೊನೆಯ ಹೆಸರನ್ನು ಎರಡು ಸಲ ಓದಿದಳು.

ಇದಕ್ಕೂ ಕಟ್ಟಳೆಗಳಿವೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು, ಒಳಗೆ ಹಾನಿಯಾಗುತ್ತದೆ. ಚಳಿಗಾಲದಲ್ಲಿ ಮನೆಯೊಳಗೆ ತಂದು ಇಡುತ್ತೇವೆ. ಇದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ. ಖಾಲಿಯಾದಾಗ ಒಳಗಿನ ರಕ್ಷಣಾ ಸರ್ಕ್ಯೂಟ್ ಒಮ್ಮೆಲೇ ಕಡಿದುಬಿಡುತ್ತದೆ. ಮೋಟಾರಿನ ಮೇಲಿನ ಹಳೆಯ ದೀಪಗಳನ್ನು ನಂಬುವಂತಿಲ್ಲ. ಅದಕ್ಕೆ ಒಳಗೆ ಹೋದ, ಹೊರಗೆ ಬಂದ ಆಂಪಿಯರ್ ಎಣಿಸುವ ಮೀಟರ್ ಹಾಕಿದೆವು. ಬ್ಯಾಟರಿಯ ಹತ್ತಿರವೇ 60 ಆಂಪಿಯರಿನ ಬ್ರೇಕರ್, ದಪ್ಪ ತಂತಿ, ಚಿಟ್ಟೆ ನಟ್ಟಿನ ಜಾಗದಲ್ಲಿ ಸ್ಪ್ಯಾನರಿನಿಂದ ಬಿಗಿಯುವ ನಟ್ಟು. ಲಂಗರಿಗೆ ಮೊದಲಿಗಿಂತ ಎಷ್ಟೋ ಉದ್ದದ ಹಗ್ಗ. ನೀರು ಹೋಗದ ಡಬ್ಬಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಬಲ್ಲ ಒಂದು ಜಂಪ್ ಪ್ಯಾಕ್.

ಮೀಟರಿನಲ್ಲಿ ಅರ್ಧ ತಲುಪಿದ ಕೂಡಲೇ ಗಾಳ ಎತ್ತಿ ಹೊರಡುತ್ತೇವೆ. ಮೀನು ಬೀಳುತ್ತಿದ್ದರೂ ಹೊರಡುತ್ತೇವೆ. ಇದು ಅಕ್ಕ ಮಾಡಿದ ನಿಯಮ.

ಊರಿಗೆ ಹೋದಾಗ ಹೊನ್ನಾವರದ ಪಕ್ಕದ ಕಾಸರಕೋಡು ಬಂದರಿನಲ್ಲಿ ನಾಡದೋಣಿಗಳನ್ನು ನೋಡುತ್ತೇನೆ. ಅಲ್ಲಿ ಟ್ರೋಲಿಂಗ್ ಮೋಟಾರ್ ಇಲ್ಲ. ಆದರೆ ದೀಪ, ಜಿಪಿಎಸ್, ವೈರ್‌ಲೆಸ್ ಸೆಟ್ ಇರುವ ಕಡೆ ಬ್ಯಾಟರಿಯೂ ಇದೆ. ಅವರಿಗೂ, ಎಲ್ಲೇ ಆಗಲಿ ದೋಣಿಗೆ ಬ್ಯಾಟರಿ ಕೊಳ್ಳುವವರಿಗೂ ನನ್ನ ಕೋರಿಕೆ ಇದು. ವೋಲ್ಟೇಜ್ ನೋಡಿ ಹಳೆಯ ಬ್ಯಾಟರಿಯನ್ನು ನಂಬಬೇಡಿ. ಹೊರೆ ಹಾಕಿ ಪರೀಕ್ಷೆ ಮಾಡಿಸಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಬೇರೆ ಕೆಲಸ ಮಾಡಿಸಬೇಡಿ. ದೀಪಕ್ಕೆ ಬೇರೆ ಬ್ಯಾಟರಿ ಇಡಿ. ಎಷ್ಟು ಆಂಪಿಯರ್ ಅವರ್ ಬೇಕು ಎಂಬ ಲೆಕ್ಕವನ್ನು ಶಾಂತ ದಿನದ ಮೀನುಗಾರಿಕೆಗೆ ಹಾಕಬೇಡಿ. ಎದುರು ಗಾಳಿಯಲ್ಲಿ, ಚಳಿಯಲ್ಲಿ, ದಡಕ್ಕೆ ಮರಳಲು ಎಷ್ಟು ಬೇಕೋ ಅಷ್ಟನ್ನು ಮೊದಲು ಬದಿಗಿಡಿ. ಉಳಿದದ್ದರಲ್ಲಿ ಮೀನು ಹಿಡಿಯಿರಿ.